ಪವಾಯಿಯ ಶೇರ್ ರಿಕ್ಷಾದಲ್ಲಿ ಆಡಿದ ಕನ್ನಡ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನ ಬಾಯಿಯದು. ಮುಂಬಯಿಯಲ್ಲಿ ಬೆಳೆದ ನಮ್ಮಂಥ ಧಾರವಾಡದ ಮನೆಯವರಿಗೆ ಒಂದು ಕೆಟ್ಟ ಚಟವಿದೆ. ಲೋಕಲ್ಲಿನಲ್ಲಿ, ಬಸ್ಸಿನಲ್ಲಿ ಎದುರಿಗೆ ಕೂತವರನ್ನು ಅವರ ಮುಖದ ಮುಂದೆಯೇ ಕನ್ನಡದಲ್ಲಿ ಬೈಯುವುದು. ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ನನಗೆ ಇನ್ನೊಂದು ರೋಗವೂ ಇದೆ, ಸಿಕ್ಕವರ ದನಿಯನ್ನೆಲ್ಲ ಅಣಕಿಸುವುದು. ನನ್ನ ಸ್ವಂತ ದನಿ ಯಾವುದು ಅಂತ ಅವ್ವನಿಗೂ ಈಗ ಅನುಮಾನ.

ಅವತ್ತು ಅಕ್ಕನ ಜೊತೆ ಬೊರಿವಲಿಯಿಂದ ಪವಾಯಿಗೆ ಹೊರಟಿದ್ದೆ. ಅಲ್ಲಿ ನಮ್ಮ ಕಡೆಯವರೇ ಆದ ದೊಡ್ಡ ಗವಾಯಿಗಳಿದ್ದಾರೆ. ಹೆಸರು ಹೇಳಿದರೆ ನೀವೂ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳುತ್ತೀರಿ. ಹೊಸ ಶಿಷ್ಯರನ್ನು ತೆಗೆದುಕೊಳ್ಳುವುದನ್ನು ಎಂದೋ ಬಿಟ್ಟವರು, ಅಕ್ಕನ ಹಳೆಯ ಗುರುಗಳ ಮಾತಿಗೆ ಅವಳ ದನಿ ಕೇಳಲು ಒಪ್ಪಿದ್ದರು. ಒಂದೇ ಸಲ. ಅಕ್ಕ ಬ್ಯಾಂಕಿಗೆ ರಜೆ ಹಾಕಿ, ಮೊಸರು ಬಿಟ್ಟು, ಬಿಸಿನೀರು ಕುಡಿಯುತ್ತ ವಾರವಿಡೀ ನನ್ನ ತಲೆ ತಿಂದಿದ್ದಳು.

ಕಾಂಜುರ್‌ಮಾರ್ಗ್ ಸ್ಟೇಷನ್ನಿನ ಹೊರಗೆ ಶೇರ್ ರಿಕ್ಷಾ ಹತ್ತಿದೆವು. ಅಂಚಿಗೆ ಅಕ್ಕ, ನಡುವೆ ನಾನು, ನನ್ನ ತೊಡೆಗಳ ನಡುವೆ ಅವಳ ತಂಬೂರಿ. ಮೂರನೆಯವನಾಗಿ ಒಬ್ಬ ಮುದುಕ ತೂರಿಕೊಂಡ. ಮಂಕಿ ಕ್ಯಾಪು, ಮಾಸ್ಕು, ಕೊರಳಿಗೆ ಮಫ್ಲರು, ಮುಂಬಯಿಯ ಸೆಕೆಯಲ್ಲಿ! ಕೂತವನೇ ಜಗಳ ತೆಗೆದ.

"ಉಧರ್ ಸರಕೋ. ಲಗ್ ರಹಾ ಹೈ."

"ಕಿಧರ್ ಸರಕೂಂ ಅಂಕಲ್, ಡ್ರೈವರ್ ಕೀ ಗೋದ್ ಮೇಂ?"

ಸರಿದು ಕೂರು ಅಂದವನಿಗೆ ಡ್ರೈವರನ ತೊಡೆಯ ಮೇಲೆ ಕೂರಲೇ ಅಂದರೆ, ಆತ ನನ್ನ ಮೊಣಕಾಲನ್ನು ನೂಕಿಯೇಬಿಟ್ಟ. ನಾನು ಅಕ್ಕನ ಕಡೆ ತಿರುಗಿ ಕನ್ನಡ ಬಿಚ್ಚಿದೆ: "ಹ್ಯಾಂಗ ಕುಂತಾನ ನೋಡಕ್ಕ, ಇಡೀ ರಿಕ್ಷಾ ಅವರಪ್ಪಂದು. ಮಾರಿ ಮುಚ್ಚಿಕೊಂಡಿದ್ದು ಚಲೋ ಆತು, ಇಲ್ಲಾಂದ್ರ ಊರಾಗಿನ ಹಾಲೆಲ್ಲಾ ಒಡೀತಿತ್ತು."

"ಸುಮ್ನಿರೋ. ಮೊದಲೇ ವಾರದಿಂದ ನನ್ನ ದನಿ ಅಲಗ್ಲಿಕ್ಕತ್ತೇದ."

ಅವಳನ್ನು ನಗಿಸೋಣವೆಂದು, ಕಛೇರಿಯಲ್ಲಿ ದೂರದಿಂದ ಕಂಡಿದ್ದ ಗವಾಯಿಗಳನ್ನೇ ಅಣಕಿಸಲು ಹಿಡಿದೆ. ಸಾ ಹಚ್ಚುವ ಮುಂಚಿನ ಅವರ ಕೆಮ್ಮು, ತಬಲದವನನ್ನು ಕಣ್ಣಿನಲ್ಲೇ ಕೊಲ್ಲುವುದು, ತಾವು ಶ್ರುತಿ ತಪ್ಪಿ ಬೇಸೂರಾದಾಗ ತಂಬೂರಿ ಹಿಡಿದವರನ್ನು ದುರುಗುಟ್ಟುವುದು, ಎಲ್ಲ ಮಾಡಿದೆ. ಭಾಷೆ ಬಾರದ ಡ್ರೈವರ್ ಕೂಡ ನಕ್ಕ. ಮುದುಕ ಹೊರಗೆ ನೋಡುತ್ತಿದ್ದ.

ನಾವು ಇಳಿದ ಗೇಟಿನಲ್ಲೇ ಆತನೂ ಇಳಿದ. ವಾಚ್‌ಮನ್ ಗಡಬಡಿಸಿ ಎದ್ದು ನಿಂತ. "ಪಂಡಿತ್‌ಜೀ, ಆಪ್ ರಿಕ್ಷಾ ಮೇಂ?"

"ಗಾಡಿ ಗ್ಯಾರೇಜ್ ಮೇಂ ಹೈ," ಎನ್ನುತ್ತ ಮಾಸ್ಕ್ ತೆಗೆದರು. ಅಲ್ಲಿಂದ ಮುಂದೆ ನಾನೂ ಬಹುವಚನಕ್ಕೆ ಬಂದೆ. ಅಕ್ಕ ನನ್ನ ತೋಳು ಚಿವುಟಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು. ಲಿಫ್ಟಿನಲ್ಲಿ ನಾವು ಮೂವರೇ.

ಮೇಲೆ ಅವರ ಮನೆಯ ಹಾಲ್‌ನಲ್ಲಿ ಶಿಷ್ಯರು ಕೂತಿದ್ದರು. ಅಕ್ಕ ನಮಸ್ಕಾರ ಮಾಡಲು ಬಗ್ಗಿದರೆ ಗವಾಯಿಗಳು ಕಾಲು ಹಿಂದಕ್ಕೆಳೆದುಕೊಂಡರು. ಬೆರಳು ನನ್ನತ್ತ ಬಂತು. "ರಿಕ್ಷಾದಾಗ ಮಾಡಿದ್ದು ಇಲ್ಲಿ ಮಾಡು. ಎಲ್ಲಾರೂ ಕೇಳ್ಲಿ."

"ತಪ್ಪಾತ್ರೀ ಅಜ್ಜಾರ..."

"ನಾ ನಿನಗ ಅಜ್ಜ ಅಲ್ಲ. ಮಾಡು."

ಮಾಡಿದೆ. ಈ ಸಲ ಕೆಮ್ಮು ನಿಜವಾಗಿಯೇ ಬಂತು. ಒಬ್ಬರೂ ನಗಲಿಲ್ಲ, ತಬಲದವ ಮಾತ್ರ ತನ್ನ ಚೀಲದೊಳಗೆ ಏನನ್ನೋ ಬಹಳ ಹೊತ್ತು ಹುಡುಕಿದ.

"ಇನ್ನ ನೀ," ಎಂದರು ಅಕ್ಕನಿಗೆ. "ಸಾ ಹಚ್ಚು. ಇಂಥಾ ಮನಿಯಿಂದ ಏನು ಬರ್ತದ ನೋಡೂಣು."

ಅಕ್ಕ ಅವರನ್ನು ನೋಡಲೇ ಇಲ್ಲ. ನನ್ನನ್ನು ನುಂಗುವಂತೆ ನೋಡುತ್ತ ಸಾ ಹಚ್ಚಿದಳು. ವಾರವಿಡೀ ಅಲುಗುತ್ತಿದ್ದ ದನಿ ಆ ಸಿಟ್ಟಿಗೆ ಕಂಬದ ಹಾಗೆ ನಿಂತಿತು. ಮತ್ತೆ ಹಚ್ಚಿಸಿದರು, ಮತ್ತೆ ಹಚ್ಚಿಸಿದರು. ಹೊಗಳಲಿಲ್ಲ. ಮುಖ ಗಂಟು ಹಾಕಿಕೊಂಡೇ, "ನಾಳಿಂದ ಬಾ," ಎಂದರು.

ನನಗೆ ಹೋದ ಜೀವ ಬಂತು. ಜೀವ ಬಂದರೆ ಬಾಯಿ ಸುಮ್ಮನಿದ್ದೀತೆ? "ಅಕ್ಕನ್ನ ಬಿಡ್ಲಿಕ್ಕೆ ದಿನಾ ನಾನೂ ಬರ್ತೀನ್ರೀ," ಎಂದೆ.

ಅವರು ಬಾಗಿಲು ತೋರಿಸಿದರು. "ಆಕಿಗೆ ದಾರಿ ಗೊತ್ತಾಗೇದ. ನೀ ಬರಬ್ಯಾಡ. ಈ ಮನ್ಯಾಗ ನನ್ನಂಥಾವ ನಾ ಒಬ್ಬವ ಇದ್ದೀನಿ, ಸಾಕು."