ರಾಧಮ್ಮನ ಕಾಲುಚೀಲಕ್ಕೆ ಉಂಬಳಗಳೇ ಪರೀಕ್ಷಕರು

ಬೆಳಗಿನ ಆರೂಕಾಲು ಗಂಟೆ. ಸಿರಿಮನೆಯ ಹಳ್ಳದ ಪಕ್ಕ, ದನ ಮೇಯುವ ಬಯಲು ಕಾಡಿಗೆ ತಾಗುವ ಕಡೆ ರಾಧಮ್ಮ ಸುಮ್ಮನೆ ನಿಂತಿದ್ದಾರೆ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎರಡೂ ಕಾಲಿಗೆ ಮೊಣಕಾಲು ಮುಟ್ಟುವ ಬಿಳಿ ಬಟ್ಟೆಯ ಚೀಲ. ಬಲಗಾಲಿನದು ಹಳೆಯ ಬಟ್ಟೆ, ಎಡಗಾಲಿನದು ಹೊಸದು. ಹತ್ತು ಮಾರು ದೂರದ ಬಂಡೆಯ ಮೇಲೆ ಅವರ ಗಂಡ ವಾಸಪ್ಪ ಕೈಗಡಿಯಾರ ಬಿಚ್ಚಿ ಹಿಡಿದು ಕುಳಿತಿದ್ದಾರೆ. ಪಕ್ಕದಲ್ಲಿ ಉಪ್ಪಿನ ಪೊಟ್ಟಣ, ಫ್ಲಾಸ್ಕಿನಲ್ಲಿ ಕಾಫಿ.

"ಎಷ್ಟಾಯ್ತು?" ರಾಧಮ್ಮ ಕಾಲಿನಿಂದ ಕಣ್ಣು ಕೀಳದೆ ಕೇಳುತ್ತಾರೆ.

"ಹನ್ನೊಂದು ನಿಮಿಷ. ಬಲಕ್ಕೆ ಹದಿನಾಲ್ಕು ಹತ್ತಿದಾವೆ, ಎಡಕ್ಕೆ ಒಂಬತ್ತು. ಎಡಗಾಲಿನ ರುಚಿ ಇನ್ನೂ ಗೊತ್ತಾಗಿಲ್ಲ ಅಂತ ಕಾಣ್ತದೆ ಮಾರಾಯ್ತಿ."

ಹತ್ತಿರುವುದು ಉಂಬಳ. ಪೇಟೆಯವರು ಜಿಗಣೆ ಎನ್ನುತ್ತಾರೆ. ಹುಲ್ಲಿನ ತುದಿಯಲ್ಲಿ ಎದ್ದು ನಿಂತು, ಬಿಸಿ ಮೈಯ ವಾಸನೆ ಸಿಕ್ಕಿದ ಕೂಡಲೇ ಗೇಣು ಹಾಕುತ್ತಾ ಬರುವ ಈ ಪ್ರಾಣಿಗೆ ಕರೆಯೋಲೆ ಬೇಕಾಗಿಲ್ಲ. ಮಲೆನಾಡಿಗೆ ಚಾರಣಕ್ಕೆ ಬರುವವರು ಹುಲಿಗಿಂತ ಹೆಚ್ಚು ಹೆದರುವುದು ಇದಕ್ಕೇ. ಅಂಥವರ ಕಾಲಿಗೆ ರಾಧಮ್ಮ ಎಂಟು ವರ್ಷಗಳಿಂದ ಚೀಲ ಹೊಲಿಯುತ್ತಿದ್ದಾರೆ. ಹೊಸ ಬಟ್ಟೆ ಬಂದಾಗಲೆಲ್ಲ ಅದನ್ನು ಮೂರು ಸಲ ಒಗೆದು, ಹೊಲಿದು, ತಾವೇ ತೊಟ್ಟು ಇಲ್ಲಿ ಅರ್ಧ ಗಂಟೆ ನಿಲ್ಲುತ್ತಾರೆ. ಹೊರಗೆ ಎಷ್ಟು ಹತ್ತಿದರೂ ಅಡ್ಡಿಯಿಲ್ಲ, ಒಳಗೆ ಒಂದೂ ಬರಬಾರದು. ಇದು ಅವರು ತಮಗೆ ತಾವೇ ಹಾಕಿಕೊಂಡ ಕಾನೂನು.

ಈ ದಿನದ ಪರೀಕ್ಷೆಗೆ ತೂಕ ಜಾಸ್ತಿ. ಇಷ್ಟು ವರ್ಷ ಕೊಪ್ಪದಿಂದ ತರುತ್ತಿದ್ದ ಒತ್ತು ನೇಯ್ಗೆಯ ಕೋರಾ ಬಟ್ಟೆ ಬರುವುದು ನಿಂತಿದೆ. ಅಂಗಡಿಯವರು ಬದಲಿಗೆ ಬೇರೊಂದು ಕೊಟ್ಟಿದ್ದಾರೆ. ಅದೇ ಹೊತ್ತಿಗೆ ಕೊಪ್ಪದ ನಿವೃತ್ತ ಭೂಗೋಳ ಮೇಷ್ಟ್ರು ಪ್ರಸನ್ನಕುಮಾರ್ ಅವರ ನಡಿಗೆಯ ಬಳಗ ಶ್ರೀಲಂಕಾದ ಸಿಂಹರಾಜ ಕಾಡಿಗೆ ಹೊರಟಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಿಂದ ಒಟ್ಟು ಹದಿನಾಲ್ಕು ಜನ. ಅಲ್ಲಿಯ ಉಂಬಳ ನಮ್ಮವಕ್ಕೆ ಅಣ್ಣ ಎಂದು ಕೇಳಿದ ಮೇಷ್ಟ್ರು ಹದಿನಾಲ್ಕು ಜೊತೆ ಚೀಲಕ್ಕೆ ಹೇಳಿ, ವಿಮಾನದ ಹದಿನೈದನೆಯ ಟಿಕೆಟನ್ನು ರಾಧಮ್ಮನ ಹೆಸರಿಗೇ ಮಾಡಿಸಿಬಿಟ್ಟಿದ್ದಾರೆ. ಮಂಗಳೂರು ದಾಟಿ ಎಲ್ಲೂ ಹೋಗದ ರಾಧಮ್ಮ ಒಪ್ಪಿದ್ದಾರೆ. ಆದರೆ ಒಂದು ಷರತ್ತು.

"ಚೀಲ ಸೋತ್ರೆ ನಾನು ಬರಲ್ಲ ಮೇಷ್ಟ್ರೆ ಅಂತ ಹೇಳಿದೀನಿ," ಎನ್ನುತ್ತಾರೆ. "ಹದಿನಾಲ್ಕು ಜನ ಕಾಲು ಕೆರ್ಕಂಡು ನಡೀವಾಗ ನಾನು ಅವ್ರ ಜೊತೆ ಎಂತ ಮುಖ ಇಟ್ಕಂಡು ನಡೀಲಿ?"

ಹೊರಡಲು ಇನ್ನು ಒಂಬತ್ತೇ ದಿನ. ಬಟ್ಟೆ ಬೇರೆ ಊರಿನಿಂದ ತರಿಸಬೇಕೆಂದರೆ ವಾರ ಬೇಕು. ಈ ಥಂಡಿಯಲ್ಲಿ ಮೂರು ಸಲ ಒಗೆದು ಒಣಗಿಸುವುದಕ್ಕೆ ಇನ್ನಷ್ಟು ದಿನ. ಎಂದರೆ ಈಗ ಎಡಗಾಲಿನಲ್ಲಿರುವ ಬಟ್ಟೆಯೇ ಗತಿ.

ಇಪ್ಪತ್ತಾರನೇ ನಿಮಿಷಕ್ಕೆ ರಾಧಮ್ಮನ ಮುಖ ಬದಲಾಗುತ್ತದೆ. ಆದರೂ ಮೂವತ್ತು ನಿಮಿಷ ಪೂರ್ತಿ ನಿಂತು, ಬಂಡೆಯ ಬಳಿ ಬಂದು ಕುಳಿತು, ಹೊರಗಿನವಕ್ಕೆ ಉಪ್ಪು ಉದುರಿಸಿ, ದಾರ ಬಿಚ್ಚಿ ಚೀಲ ಕಳಚುತ್ತಾರೆ. ಬಲಗಾಲಿನಲ್ಲಿ ಒಂದೂ ಇಲ್ಲ. ಎಡಗಾಲಿನ ಹರಡಿನ ಬಳಿ ನೂಲಿನಷ್ಟು ಸಣ್ಣ ಮರಿ ಉಂಬಳವೊಂದು ಬಾಯಿ ಹಾಕಿದೆ. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ವಾಸಪ್ಪ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕುಳಿತುಬಿಡುತ್ತಾರೆ. ನನಗೂ ಬೇಜಾರಾಗುತ್ತದೆ. ಸುದ್ದಿ ಬರೆಯಲು ಬಂದವನಿಗೆ ಒಂದು ಉಂಬಳದ ಮೇಲೆ ಇಷ್ಟು ಸಿಟ್ಟು ಬರುತ್ತದೆಂದು ಅಂದುಕೊಂಡಿರಲಿಲ್ಲ.

"ಕಾಫಿ ಕೊಡ್ರಿ," ಎಂದಷ್ಟೇ ಹೇಳಿ ರಾಧಮ್ಮ ಉಗುರನ್ನು ಅಡ್ಡ ತಳ್ಳಿ ಅದರ ಬಾಯಿ ಬಿಡಿಸುತ್ತಾರೆ.

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ಶಾಲೆಯ ಪ್ರಪಂಚ ಭೂಪಟ. ಬಂದವರೇ ಅವರು ಎಡಗಾಲಿನ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಬಹಳ ಹೊತ್ತು ನೋಡುತ್ತಾರೆ. ಆಮೇಲೆ ನನ್ನನ್ನು ಕರೆದು ತೋರಿಸುತ್ತಾರೆ. ಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು.

"ಬಟ್ಟೆದು ತಪ್ಪಲ್ಲ ಮಾರಾಯ್ರೆ, ಸೂಜಿದು. ಹಳೇ ಬಟ್ಟೆ ಮೆತ್ತಗಿತ್ತು, ಸೂಜಿ ಹೋದ ತೂತು ತಾನೇ ಮುಚ್ಕಂತಿತ್ತು. ಇದು ಬಿಗಿ. ತೂತು ತೂತಾಗೇ ಉಳೀತು."

ಹದಿನೆಂಟನೇ ನಂಬರಿನ ಸೂಜಿ ತೆಗೆದು ಅದಕ್ಕಿಂತ ಸಣ್ಣ ಹದಿನಾಲ್ಕರದ್ದು ಹಾಕುತ್ತಾರೆ. ಅಂಚನ್ನು ಒಳಗೆ ಮಡಚಿ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಲು ಕೂರುತ್ತಾರೆ. ಮತ್ತೆ ಪರೀಕ್ಷೆ ನಾಳೆ ಬೆಳಿಗ್ಗೆ. ಅಲ್ಲಿಯವರೆಗೆ ಮಾತಿಗೆ ಬಿಡುವಿದೆ, ಕೈಗೆ ಮಾತ್ರ ಇಲ್ಲ.

ಈ ಕಸುಬು ಶುರುವಾಗಿದ್ದು ಜೀಪಿನ ಸೀಟು ಉಳಿಸಲು. ವಾಸಪ್ಪ ಕಿಗ್ಗದಿಂದ ಜಲಪಾತಕ್ಕೆ, ನರಸಿಂಹ ಪರ್ವತದ ದಾರಿಗೆ ಜನರನ್ನು ಬಿಟ್ಟು ಬರುವವರು. ಮಳೆಗಾಲದಲ್ಲಿ ಬೆಟ್ಟ ಇಳಿದು ಬಂದವರ ಕಾಲಿನ ರಕ್ತವೆಲ್ಲ ಸೀಟಿಗೆ. "ತೊಳ್ದೂ ತೊಳ್ದೂ ನನ್ನ ಸೊಂಟ ಬಿದ್ದೋಯ್ತು. ಇವಳಿಗೆ ಹೇಳ್ದೆ, ಸೀಟಿಗೆ ಕವರ್ ಹೊಲ್ಕೊಡು ಅಂತ. ಇವಳು ಸೀಟು ಬಿಟ್ಟು ಕಾಲಿಗೇ ಕವರ್ ಹೊಲಿದ್ಲು," ಎಂದು ವಾಸಪ್ಪ ನಗುತ್ತಾರೆ.

ಮೊದಲ ದೊಡ್ಡ ಬೇಡಿಕೆ ಹನ್ನೆರಡು ಜೊತೆಯದು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಅಭ್ಯಾಸವಿದ್ದ ರಾಧಮ್ಮ ಚೀಲಗಳಿಗೆ ಅನ್ನದ ಗಂಜಿ ಹಾಕಿ, ಇಸ್ತ್ರಿ ಮಾಡಿ, ಗರಿಗರಿಯಾಗಿ ಕೊಟ್ಟರು. ನೋಡಲು ಲಕ್ಷಣವಾಗಿದ್ದವು. ಬೆಟ್ಟದಲ್ಲಿ ಒಂದು ಮಳೆ ಹೊಡೆದದ್ದೇ ಗಂಜಿಯೆಲ್ಲ ಕರಗಿ ಹೋಯಿತು, ನೇಯ್ಗೆ ಸಡಿಲವಾಯಿತು. ಹನ್ನೆರಡು ಜನರ ಇಪ್ಪತ್ತನಾಲ್ಕು ಕಾಲೂ ಉಂಬಳದ ಪಾಲು.

"ಅವ್ರು ಬಯ್ಲಿಲ್ಲ. ಅದೇ ನಂಗೆ ಜಾಸ್ತಿ ನಾಚಿಕೆ ಆಗಿದ್ದು," ಎನ್ನುತ್ತಾರೆ ರಾಧಮ್ಮ. "ಎಲ್ಲ ವಾಪಸ್ ಇಸ್ಕಂಡೆ. ಮಾರನೇ ದಿನ ಒಂದು ಹಾಕ್ಕಂಡು ಹಳ್ಳದ ಹತ್ರ ಹೋಗಿ ನಿಂತೆ. ಎಲ್ಲಿಂದ ಬರ್ತಾವೆ ನೋಡೇ ಬಿಡಣ ಅಂತ. ಅವತ್ತಿಂದ ಗಂಜಿ ಊಟಕ್ಕೆ ಮಾತ್ರ."

ಜೂನ್‌ನಿಂದ ನವೆಂಬರ್‌ವರೆಗೆ ದಿನಕ್ಕೆ ಎಂಟು ಜೊತೆ. ಉಳಿದ ತಿಂಗಳು ರವಿಕೆ, ಸಮವಸ್ತ್ರ. ಇದುವರೆಗೆ ಎಷ್ಟಾಗಿರಬಹುದೆಂದರೆ ಹತ್ತು ಸಾವಿರ ಜೊತೆ ದಾಟಿರಬೇಕು ಎನ್ನುತ್ತಾರೆ. ನಿಂತ ಪರೀಕ್ಷೆಗಳು ಎಪ್ಪತ್ತರ ಮೇಲೆ. ಅರ್ಧ ಗಂಟೆಯಲ್ಲಿ ಎರಡೂ ಕಾಲಿಗೆ ಹತ್ತಿದ ಉಂಬಳಗಳ ದಾಖಲೆ ನೂರಾ ಹನ್ನೆರಡು. ಅದು ಕೆರೆಕಟ್ಟೆಯ ತಂಗಿ ಮನೆಗೆ ಹೋದಾಗ. ಅಲ್ಲಿಯ ಉಂಬಳದ ಬಗ್ಗೆ ಅವರಿಗೆ ಈಗಲೂ ಗೌರವ.

ಕಪ್ಪು ಚೀಲ ಬೇಕು, ಹಸಿರು ಬೇಕು, ಫೋಟೊಗೆ ಚೆನ್ನಾಗಿ ಬರಬೇಕು ಎಂದು ಕೇಳುವವರಿದ್ದಾರೆ. ರಾಧಮ್ಮ ಹೊಲಿಯುವುದು ಬಿಳಿ ಮಾತ್ರ. "ಉಂಬಳ ಕಪ್ಪು, ಚೀಲಾನೂ ಕಪ್ಪಾದ್ರೆ ಹುಡುಕೋದು ಯಾರು?"

ಅಳತೆ ಟೇಪು ಹಿಡಿಯುವ ಮೊದಲು ಅವರು ಕೇಳುವ ಪ್ರಶ್ನೆ ಎರಡೇ: ಯಾವ ಊರು, ಯಾವ ತಿಂಗಳು. ಭೂಪಟ ಬೇಕಾಗಿದ್ದು ಅದಕ್ಕೆ. ಪ್ರಸನ್ನಕುಮಾರ್ ಮೇಷ್ಟ್ರು ಕೊಟ್ಟ ಆ ಪಟದಲ್ಲಿ ಚೀಲ ಹೋಗಿ ಬಂದ ಕಡೆಗೆಲ್ಲ ಗುಂಡುಪಿನ್ನು ಚುಚ್ಚಿದ್ದಾರೆ. ಮೇಘಾಲಯ, ನೇಪಾಳದ ತಪ್ಪಲು, ಥಾಯ್ಲೆಂಡ್, ಬೋರ್ನಿಯೊ, ಮಡಗಾಸ್ಕರ್. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗಿರುತ್ತದೆ ಎನ್ನುತ್ತಾರಲ್ಲ, ರಾಧಮ್ಮನ ಗಿರಾಕಿಗಳು ಹಾಗಲ್ಲ. ಹೋದಲ್ಲಿಂದ ಫೋಟೊ ಕಳಿಸುತ್ತಾರೆ, ವರದಿ ಒಪ್ಪಿಸುತ್ತಾರೆ. ಬೋರ್ನಿಯೊದಲ್ಲಿ ಒಂದು ಜಾತಿಯ ಉಂಬಳ ನೆಲ ಬಿಟ್ಟು ಎಲೆಯ ಮೇಲೆ ಕೂರುತ್ತದೆಂದು ಗೊತ್ತಾದ ಮೇಲೆ ಆ ಕಡೆ ಹೋಗುವವರ ಚೀಲ ಇನ್ನೂ ನಾಲ್ಕು ಬೆರಳು ಹೆಚ್ಚು ಉದ್ದವಾಗಿದೆ.

ನಿಮಗೆ ಇಷ್ಟದ ದೇಶ ಯಾವುದು ಎಂದು ಕೇಳುತ್ತೇನೆ. ಬೋರ್ನಿಯೊ ಎಂದು ತಕ್ಷಣ ಹೇಳುತ್ತಾರೆ, ಅಲ್ಲಿಯ ಸೆಖೆ, ಮಳೆ, ಹಲಸಿನ ಜಾತಿಯ ಹಣ್ಣು ಎಲ್ಲ ಕೇಳಿ ತಿಳಿದಿದ್ದಾರೆ. ಎರಡನೆಯದು ನೇಪಾಳ. "ಸ್ವಿಟ್ಜರ್ಲೆಂಡ್ ಫೋಟೊ ಕಳ್ಸಿದ್ರು ಒಬ್ರು. ಚಂದ ಇತ್ತು. ಆದ್ರೆ ಹುಲ್ಲಲ್ಲಿ ನಡೆದ್ರೂ ಒಂದೂ ಉಂಬಳ ಇಲ್ಲಂತೆ. ಅಂಥ ಊರಲ್ಲಿ ನಂಗೆ ಎಂತ ಕೆಲಸ?"

ಚೀಲದ ಜೊತೆ ಉಪದೇಶ ಉಚಿತ. ಹೊಸ ಬೂಟು ಹಾಕಿ ಪ್ರವಾಸ ಹೋಗಬೇಡಿ, ಹದಿನೈದು ದಿನ ಅದರಲ್ಲೇ ಡೈರಿಗೆ ಹಾಲು ಹಾಕಿ ಬನ್ನಿ. ಬೆಟ್ಟ ಇಳಿಯುವುದಿದ್ದರೆ ಕಾಲಿನ ಉಗುರು ಕತ್ತರಿಸಿಕೊಳ್ಳಿ. ತುಂಬಿದ ಬ್ಯಾಗನ್ನು ಬೆನ್ನಿಗೆ ಹಾಕಿ ಬಸ್‌ಸ್ಟ್ಯಾಂಡಿಗೆ ಒಮ್ಮೆ ಹೋಗಿ ಬನ್ನಿ, ದಾರಿಯಲ್ಲಿ ಯಾವ ಸಾಮಾನಿಗೆ ಶಾಪ ಹಾಕಿದಿರೋ ಅದನ್ನು ಮನೆಯಲ್ಲಿ ಬಿಡಿ. ಉಪ್ಪು ಹಾಕುವುದು ಚೀಲದ ಮೇಲಿನ ಉಂಬಳಕ್ಕೆ, ಮೈಗೆ ಕಚ್ಚಿದ್ದಕ್ಕಲ್ಲ. ಕಾಡಿನ ದಾರಿಯಲ್ಲಿ ಮುಂದೆ ಹೋದವನು ಉಂಬಳವನ್ನು ಎಬ್ಬಿಸುತ್ತಾನೆ, ಹಿಂದೆ ಬಂದವನು ಅನುಭವಿಸುತ್ತಾನೆ, ಆದ್ದರಿಂದ ಬೇಗ ಎದ್ದು ಎಲ್ಲರಿಗಿಂತ ಮುಂದೆ ನಡೆಯುವುದು ಒಳ್ಳೆಯದು. ಕೊನೆಯದನ್ನು ಹೇಳುವಾಗ ಮಿಷನ್ನು ನಿಲ್ಲಿಸುತ್ತಾರೆ. "ಚೀಲ ಹಾಕಿದ ಮೇಲೆ ಕಾಲು ನೋಡ್ತ ನಡೀಬೇಡಿ ಅಂತೀನಿ. ಕಾಲು ನೋಡ್ಕಣಕ್ಕೆ ನಾನು ಹೊಲ್ದಿದೀನಲ್ಲ. ನೀವು ಕಾಡು ನೋಡಿ."

ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು ಶ್ರೀಲಂಕಾಕ್ಕೆ ಯಾಕಮ್ಮ ಎಂದು ಕೇಳಿದಾಗ ಇವರು ಉಂಬಳ ನೋಡಕ್ಕೆ ಎಂದಿದ್ದರಂತೆ. ಅವರು ನಕ್ಕು, ಇಲ್ಲಿ ಸಾಲದಾ ಎಂದು ಕೇಳಿ ಸಹಿ ಹಾಕಿಸಿಕೊಂಡು ಹೋದರಂತೆ. ಆ ಪಾಸ್‌ಪೋರ್ಟು ಈಗ ಭೂಪಟದ ಕೆಳಗೆ, ದಾರದುಂಡೆಗಳ ಡಬ್ಬಿಯಲ್ಲಿದೆ. ಒಳಗೆ ಒಂದೂ ಮುದ್ರೆ ಬಿದ್ದಿಲ್ಲ.

ಮರುದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಹವೆ ಇಲ್ಲ ಎನ್ನುತ್ತಾರೆ ವಾಸಪ್ಪ. ಈ ಸಲ ಎರಡೂ ಕಾಲಿಗೆ ಹೊಸ ಬಟ್ಟೆ. ಇನ್ನೊಂದು ಜೊತೆಯನ್ನು ರಾಧಮ್ಮ ನನ್ನ ಕೈಗೆ ಕೊಡುತ್ತಾರೆ.

"ಬರೆಯೋರು ಬರೇ ಕಲ್ಲಿನ ಮೇಲೆ ಕೂತು ಬರೆದ್ರೆ ಹೆಂಗೆ? ಇಳೀರಿ."

ಇಳಿಯುತ್ತೇನೆ. ನಿಜ ಹೇಳುತ್ತೇನೆ, ಮೊದಲ ಐದು ನಿಮಿಷ ನನ್ನ ಪ್ರಾಣ ನನ್ನ ಹೆಬ್ಬೆರಳಿನಲ್ಲಿತ್ತು. ಮೂವತ್ತು, ನಲವತ್ತು, ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ತುಂಡುಗಳಂತೆ ಅವು ಮೇಲಕ್ಕೂ ಕೆಳಕ್ಕೂ ದಾರಿ ಹುಡುಕುತ್ತವೆ. ಹೊಲಿಗೆಯ ಬಳಿ ಬಂದು ನಿಲ್ಲುತ್ತವೆ, ಮೂಸುತ್ತವೆ, ಮುಂದೆ ಹೋಗುತ್ತವೆ. ಇಪ್ಪತ್ತಾರನೇ ನಿಮಿಷವನ್ನು ವಾಸಪ್ಪ ಗಟ್ಟಿಯಾಗಿ ಹೇಳುತ್ತಾರೆ. ಇಪ್ಪತ್ತೇಳು. ಇಪ್ಪತ್ತೆಂಟು.

ಅರ್ಧ ಗಂಟೆ ಮುಗಿಯುತ್ತದೆ. ರಾಧಮ್ಮ ಮೊದಲು ನನ್ನ ಚೀಲ ಕಳಚಿಸಿ, ಒಳಗನ್ನು ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸುತ್ತಾರೆ. ಆಮೇಲೆ ತಮ್ಮದು. ಮತ್ತೊಮ್ಮೆ ನನ್ನದು. ಏನೂ ಇಲ್ಲ. ನಾಲ್ಕು ಕಾಲಿನಲ್ಲೂ ಕಚ್ಚಿದ ಗುರುತಿಲ್ಲ.

"ಪಾಸು," ಎನ್ನುತ್ತಾರೆ ವಾಸಪ್ಪ. ಅವರ ಕಣ್ಣು ಒದ್ದೆಯಾಗಿದ್ದಕ್ಕೆ ಮಳೆಯನ್ನು ದೂರಬಹುದು. ನಾನು ದೂರುವುದಿಲ್ಲ.

ರಾಧಮ್ಮ ಅಲ್ಲಿಂದಲೇ ಕೊಪ್ಪಕ್ಕೆ ಫೋನ್ ಮಾಡುತ್ತಾರೆ. "ಮೇಷ್ಟ್ರೆ, ಹದಿನಾಲ್ಕು ಜೊತೆ ಬುಧವಾರ ಕೊಡ್ತೀನಿ. ಹದಿನೈದನೇದು ಹೊಲ್ಕಂಡು ನಾನೂ ಬರ್ತೀನಿ." ಆ ಕಡೆಯಿಂದ ಮೇಷ್ಟ್ರು ಏನೋ ದೊಡ್ಡದಾಗಿ ಹೇಳುತ್ತಿರುವುದು ಕೇಳಿಸುತ್ತದೆ. ಇವರು ನಗುತ್ತಾ ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಾರೆ.

ಮನೆಗೆ ಮರಳುವ ದಾರಿಯಲ್ಲಿ ಅವರು ಮುಂದೆ, ನಾನು ಹಿಂದೆ. ಅವರ ಕಣ್ಣು ಅಭ್ಯಾಸದಂತೆ ನೆಲದ ಮೇಲೇ ಇದೆ. ಇಲ್ಲಿರುವ ಉಂಬಳವೇ ಅಲ್ಲೂ ಇರುವುದು, ಅಷ್ಟು ದೂರ ಹೋಗಿ ಏನು ನೋಡುತ್ತೀರಿ ಎಂದು ಕೇಳುತ್ತೇನೆ. ತಿರುಗಿ ನೋಡದೆಯೇ ಉತ್ತರ ಕೊಡುತ್ತಾರೆ.

"ನಾನು ಕಾಡಲ್ಲೇ ಹುಟ್ಟಿ ಬೆಳೆದೋಳು, ಆದ್ರೆ ಇಷ್ಟು ವರ್ಷ ಬರೇ ನನ್ನ ಕಾಲು ನೋಡ್ಕಂಡೇ ನಡ್ದಿದ್ದು. ಫೋಟೊ ಕಳ್ಸೋರೆಲ್ಲ ಮರದ ತುದಿ ತೋರಿಸ್ತಾರೆ, ಹಕ್ಕಿ ತೋರಿಸ್ತಾರೆ. ಅಲ್ಲಿ ಹೋಗಿ ನನ್ನ ಚೀಲ ನಂಬ್ಕಂಡು ಒಂದು ದಿನ ತಲೆ ಎತ್ತಿ ನಡೀಬೇಕು ಮಾರಾಯ್ರೆ. ಅಷ್ಟೇ."