ಬೀಗ ತಂದವರಿಗೆ ಮಾತ್ರ ಕೀ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ನನ್ನ ಅಕ್ಕನ ಗಂಡ. ಮೂವತ್ತು ವರ್ಷದಿಂದ ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ನಿಂತು ಡುಪ್ಲಿಕೇಟ್ ಕೀ ಮಾಡುತ್ತಿದ್ದರು. ಬರೀ ಕೀ ತಂದರೆ ಸಾಲದು, ಬೀಗವನ್ನೂ ತರಬೇಕು ಅನ್ನುವುದು ಅವರ ನಿಯಮ. ಬಾಗಿಲಿಗೇ ಕೂಡಿಸಿದ ಬೀಗವಾದರೆ ತಾವೇ ಹೋಗಿ, ಒಳಗೆ ವಾಸವಿರುವವರನ್ನು ಕೇಳಿ ಮಾಡಿಕೊಡುತ್ತಿದ್ದರು. ಗಿರಾಕಿಗಳು ಗೊಣಗಿಕೊಂಡು ಎದುರು ರಸ್ತೆಯ ಅಂಗಡಿಗೆ ಹೋಗುತ್ತಿದ್ದರು. ಅಲ್ಲಿ ಅದು ಎರಡು ನಿಮಿಷದ ಕೆಲಸ. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇಟ್ಟಿರುವ ನಾನು ಇದನ್ನು ನೋಡಿ ನೋಡಿ ಸುಸ್ತಾಗಿದ್ದೆ.

"ಬಂದ ಗಿರಾಕೀನ ಯಾಕೆ ವಾಪಸ್ ಕಳಿಸ್ತೀರಿ ಭಾವ?" ಅಂದರೆ ಮೊದಮೊದಲು, "ಕೀ ಯಾರ ಕೈಗಾದ್ರೂ ಸಿಗುತ್ತೆ ಕಣೋ" ಎಂದು ವಿವರಿಸುತ್ತಿದ್ದರು. ಈಚೆಗೆ, "ನನ್ನ ಅಂಗಡಿ, ನನ್ನಿಷ್ಟ" ಅಷ್ಟೇ. ಹೆಚ್ಚು ಮಾತಾಡುವ ತ್ರಾಣ ಉಳಿದಿರಲಿಲ್ಲ. ನಿಂತು ನಿಂತು ಕಾಲು ಊದಿಕೊಂಡಿದ್ದವು.

ಹೋದ ತಿಂಗಳು ಒಂದು ಬೆಳಿಗ್ಗೆ ಕಟ್ಟಡದ ಮಾಲೀಕರು ಬಂದು ಸೋಪಿನ ತುಂಡೊಂದನ್ನು ಕೌಂಟರ್ ಮೇಲಿಟ್ಟರು. ಅದರಲ್ಲಿ ಕೀಯೊಂದರ ಅಚ್ಚು. ಮಹಡಿಯಲ್ಲಿ ಒಬ್ಬಳೇ ಬಾಡಿಗೆಗಿರುವ ನರ್ಸ್ ಕೋಣೆಯದು.

"ಒಂದು ನನ್ ಹತ್ರಾನೂ ಇರ್ಲಿ," ಅಂದರು.

"ಆಗ್ಲಿ ಸ್ವಾಮಿ. ಆ ಹುಡುಗಿ ಬಂದು ಹೂಂ ಅನ್ಲಿ, ಮಾಡಿಕೊಡ್ತೀನಿ."

"ಅವಳನ್ನೇನು ಕೇಳೋದು?"

"ನನ್ನ ಅಂಗಡಿ ನಿಯಮ ಅದು."

ಮಾಲೀಕರು ನಕ್ಕರು. "ನಿನ್ನ ಅಂಗಡಿಗೆ ನಿನ್ನ ನಿಯಮ, ನನ್ನ ಕಟ್ಟಡಕ್ಕೆ ನನ್ನದು. ತಿಂಗಳ ಕೊನೆಗೆ ಖಾಲಿ ಮಾಡು."

ಭಾವನದೇ ಮಾತನ್ನು ಆತ ಭಾವನಿಗೇ ತಿರುಗಿಸಿದ್ದ. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲಿಲ್ಲ, ನನ್ನ ಅಂಗಡಿಯೂ ಅದೇ ಕಟ್ಟಡದಲ್ಲಿದೆ.

ಮಧ್ಯಾಹ್ನ ಊಟ ತಂದ ಅಕ್ಕ ವಿಷಯ ಕೇಳಿ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ಇವರಿಗೆ," ಅಂದಳು. ಆದರೆ ಮಾಡಿಕೊಡಿ ಅಂತ ಮಾತ್ರ ಅನ್ನಲಿಲ್ಲ.

ಸಂಜೆ ಆ ನರ್ಸ್ ಡ್ಯೂಟಿ ಮುಗಿಸಿ ಬರುವುದನ್ನೇ ಕಾದು, ಭಾವ ಹೊಸ ಬೀಗವೊಂದನ್ನು ಹಿಡಿದು ಮಹಡಿ ಹತ್ತಿದರು. ಸಾಮಾನಿನ ಚೀಲ ಹೊತ್ತು ನಾನೂ ಹೋದೆ.

"ನಿಮ್ಮ ಬೀಗ ಬದಲಾಯಿಸಬೇಕಮ್ಮ."

"ಚೆನ್ನಾಗೇ ಇದೆಯಲ್ಲ? ಇರಿ, ಓನರ್‌ನ ಒಂದು ಮಾತು ಕೇಳ್ತೀನಿ," ಎಂದು ಆಕೆ ಫೋನ್ ಎತ್ತಿಕೊಂಡಳು.

ಆಗ ಭಾವ ಸೋಪಿನ ವಿಷಯ ಹೇಳಿದರು. ಆಕೆ ಫೋನ್ ಕೆಳಗಿಟ್ಟಳು. "ಹೋದ ವಾರ ನಲ್ಲಿ ರಿಪೇರಿ ಅಂತ ಕೀ ಇಸ್ಕೊಂಡಿದ್ರು," ಎಂದು ಗೋಡೆಗೊರಗಿ ನಿಂತಳು.

ಬೀಗ ಕೂಡಿಸಿ ಭಾವ ಮೂರು ಕೀಗಳನ್ನೂ ಆಕೆಯ ಕೈಗಿಟ್ಟರು. ಆಕೆ ಅವರ ಮುಖವನ್ನೇ ನೋಡಿದಳು.

"ನಿಮ್ಮ ಹತ್ರ ಇನ್ನೊಂದಿಲ್ಲ ಅಂತ ನಾನು ಹೇಗೆ ನಂಬ್ಲಿ?"

ನನಗೆ ರೇಗಿತು. ಇವಳ ಸಲುವಾಗಿ ಅಂಗಡಿ ಕಳೆದುಕೊಂಡವರಿಗೆ ಈ ಮಾತೇ ಎಂದು ಬಾಯಿ ತೆರೆದೆ. ಭಾವ ನನ್ನ ಮೊಣಕೈ ಹಿಡಿದು ತಡೆದರು. ಚೀಲವನ್ನು ನೆಲಕ್ಕೆ ಸುರಿದರು, ಜೇಬುಗಳನ್ನು ಹೊರಗೆಳೆದು ತೋರಿಸಿದರು. ಆಮೇಲೆ ನೋಯುವ ಕಾಲಲ್ಲೇ ಬಗ್ಗಿ, ಒಂದೊಂದೇ ಸಾಮಾನು ಎತ್ತಿ ತುಂಬಿಕೊಂಡರು.

ಮೆಟ್ಟಿಲಿಳಿಯುವಾಗ, "ಅಂಗಡಿ ಹೋದದ್ದನ್ನ ಯಾಕೆ ಹೇಳ್ಲಿಲ್ಲ ಭಾವ?" ಅಂದೆ.

"ಹೇಳಿದ್ರೆ ಅವಳು ಇನ್ನೊಂದು ಕೀ ಇದೆಯಾ ಅಂತ ಕೇಳೋಕೆ ಸಂಕೋಚ ಪಡ್ತಿದ್ಳು ಕಣೋ," ಅಂದರು. "ಕೇಳ್ಲೇಬೇಕು ಅವಳು. ನನ್ನನ್ನೂ ಕೇಳ್ಬೇಕು."