ಸೊನ್ನೆಗೂ ಉಡಿ ತುಂಬಿದ ಕಾಕು

ಅಂಕ ಹೇಳುವ ಹೊತ್ತಿಗೆ ಕಾಕು ಎಡಗೈಯಿಂದ ಬಲಗೈಯ ಬಳೆಗಳನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದರು. ಕೈತುಂಬ ಹಸಿರು ಗಾಜಿನ ಬಳೆ. ಕೈ ಅಲ್ಲಾಡಿದರೆ ಟಿವಿಯಲ್ಲಿ ಹೇಳುವ ಸಂಖ್ಯೆ ಯಾರಿಗೂ ಕೇಳಿಸುತ್ತಿರಲಿಲ್ಲ. ಹಿಡಿದ ಕೈ ಬಿಟ್ಟರೆಂದರೆ ಯಾವುದೋ ದೇಶಕ್ಕೆ ಹನ್ನೆರಡು ಬಿತ್ತೆಂದೇ ಅರ್ಥ. ಆಗ ಬಳೆ, ಚಪ್ಪಾಳೆ, ಶಿಳ್ಳೆ ಎಲ್ಲ ಒಟ್ಟಿಗೆ. ಹೌದು, ಶಿಳ್ಳೆ. ಐವತ್ತೈದು ದಾಟಿದ, ಇಳಕಲ್ ಸೀರೆಯ ಮೇಲೆ ಕಾರ್ಡಿಗನ್ ತೊಟ್ಟ ಹೆಂಗಸು ಎರಡು ಬೆರಳು ಬಾಯಿಗಿಟ್ಟು ಹಾಕುತ್ತಿದ್ದ ಶಿಳ್ಳೆ ಲಂಡನ್ನಿನ ಎಜ್‌ವೇರ್‌ನ ನಮ್ಮ ಸಪ್ಪೆ ರಸ್ತೆಯ ಕೊನೆಯವರೆಗೂ ಕೇಳುತ್ತಿತ್ತು.

ಅವರು ನಮಗೆ ಸಂಬಂಧಿಕರೇನಲ್ಲ, ಎದುರುಮನೆಯವರು. ಧಾರವಾಡದ ಕಡೆ ಚಿಕ್ಕಮ್ಮನನ್ನು ಕಾಕು ಅನ್ನುತ್ತಾರೆಂದು ನನ್ನ ಬೆಂಗಳೂರಿನ ಅಮ್ಮ ಹೇಳಿಕೊಟ್ಟಿದ್ದರು. ರಸ್ತೆಯ ಕನ್ನಡದ ಮಕ್ಕಳಿಗೆಲ್ಲ ಅವರು ಕಾಕು, ಅವರ ಯಜಮಾನರು ಕಾಕಾ. ಕಾಕು ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ವಾರಪೂರ್ತಿ ನೀಲಿ ಟೋಪಿಯೊಳಗೆ ಕೂದಲು ಮುಚ್ಚಿಕೊಂಡು, ಬಳೆಗಳನ್ನು ಮನೆಯಲ್ಲೇ ಬಿಚ್ಚಿಟ್ಟು ಹೋಗಿ, ನೂರಾರು ಮಕ್ಕಳ ತಟ್ಟೆಗೆ ಬೇಯಿಸಿ ಹಿಸುಕಿದ ಆಲೂಗಡ್ಡೆ ಹಾಕುವುದು. 'ಅಲ್ಲೆ ನನ್ನ ಮಾತು ಎರಡೇ ಅದಾವ ನೋಡು. ಮೋರ್, ನೋ ಮೋರ್' ಎನ್ನುತ್ತಿದ್ದರು. ಇಂಥವರು ವರ್ಷದಲ್ಲೊಂದು ಶನಿವಾರ, ಮೇ ತಿಂಗಳಲ್ಲಿ, ಮನೆಯ ಬಾಗಿಲು ತೆರೆದಿಟ್ಟು ಜನ ಕರೆಯುತ್ತಿದ್ದರು. ಅಂದು ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ. ಒಂದು ದೇಶಕ್ಕೆ ಒಂದು ಹಾಡು, ಎಲ್ಲ ದೇಶಗಳೂ ಅಂಕ ಕೊಡಬೇಕು, ಹೆಚ್ಚೆಂದರೆ ಹನ್ನೆರಡು, ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಆ ಕೊನೆಯ ನಿಯಮ ಕಾಕುವಿಗೆ ಬಹಳ ಇಷ್ಟ. 'ಮಂದಿ ಹಾಡು ಹೊಗಳೂದು ಕಲಿಸ್ತದ ಇದು.'

ಅವರ ಮನೆಯ ಪದ್ಧತಿ ಹೀಗಿತ್ತು. ಸ್ಟೀಲ್ ಡಬ್ಬಿಯಲ್ಲಿ ದೇಶಗಳ ಹೆಸರಿನ ಚೀಟಿ. ಬಂದವರೆಲ್ಲ ಒಂದೊಂದು ಎತ್ತಬೇಕು. ಉಳಿದ ದೇಶಗಳೆಲ್ಲ ಕಾಕಾನ ಪಾಲು. ಹಾಡು ಮುಗಿದ ಮೇಲೆ ಚೀಟಿ ಎತ್ತಿದವರು ಎದ್ದು ನಿಂತು ಎರಡು ಮಾತು ಆ ದೇಶದ ಪರವಾಗಿ ಆಡಬೇಕು, ಹಾಡು ಎಷ್ಟೇ ಕೆಟ್ಟದಿರಲಿ. ಊರಿಂದ ತರಿಸಿದ ಕ್ಯಾಲೆಂಡರಿನ ಹಳೆಯ ಹಾಳೆಗಳ ಬೆನ್ನಿಗೆ ಅಂಕ ಬರೆಯುವುದು. ನಡುನಡುವೆ ಗಿರ್ಮಿಟ್ಟು, ಮಿರ್ಚಿ ಭಜಿ. ನಾನು ಹತ್ತು ವರ್ಷದವಳಿದ್ದಾಗ, ಲಂಡನ್ನಿಗೆ ಬಂದ ಮರುವರ್ಷ, ಮೊದಲ ಸಲ ಅಲ್ಲಿ ಚೀಟಿ ಎತ್ತಿದೆ. ಆ ವರ್ಷ ಬ್ರಿಟನ್ನೇ ಗೆದ್ದಿತು. ಇದು ಪ್ರತಿವರ್ಷ ನಡೆಯುವ ಸಂಗತಿ ಎಂದು ನಾನು ತಿಳಿದಿದ್ದೆ.

ಹದಿಮೂರಕ್ಕೆ ನಾನು ಶಾಲೆಯ ಡಿಬೇಟ್ ತಂಡ ಸೇರಿದೆ. ಆಮೇಲೆ ನನ್ನನ್ನು ಸಹಿಸಿಕೊಳ್ಳುವುದು ಕಷ್ಟವಾಯಿತು. ಅಮ್ಮ ಈಗಲೂ ಹಾಗೆನ್ನುತ್ತಾರೆ. ಆ ಮೇ ತಿಂಗಳಲ್ಲಿ ನಾನು ಚೀಟಿ ಎತ್ತುವ ಮೊದಲೇ ಎದ್ದು ನಿಂತು ಘೋಷಿಸಿದೆ:

'ಕಾಕು, ಇದೆಲ್ಲ ಬರೀ ಮೋಸ. ಯಾರೂ ಹಾಡಿಗೆ ಅಂಕ ಕೊಡಲ್ಲ. ಅಕ್ಕಪಕ್ಕದ ದೇಶಗಳು ಒಬ್ಬರಿಗೊಬ್ಬರು ಕೊಟ್ಕೊಳ್ತಾರೆ. ಯಾರು ಯಾರಿಗೆ ಹನ್ನೆರಡು ಕೊಡ್ತಾರೆ ಅಂತ ನಾನು ಈಗ್ಲೇ ಬರೆದುಕೊಡ್ತೀನಿ.'

'ಬರದು ಕೊಡವಾ ವಕೀಲಬಾಯಿ' ಎಂದರು ಕಾಕು. ಆ ಹೆಸರು ಅಂದಿನಿಂದ ನನಗೆ ಅಂಟಿಕೊಂಡಿತು.

ಹತ್ತು ದೇಶಗಳ ಮಟ್ಟಿಗೆ ಬರೆದುಕೊಟ್ಟೆ. ಏಳು ಸರಿಯಾದವು. ಗೆದ್ದ ಗರ್ವದಲ್ಲಿ ಕೈಕಟ್ಟಿ ನಿಂತೆ. ಕಾಕು ಹಾಳೆ ನೋಡಿ, ತಲೆದೂಗಿ, ದೊಡ್ಡದೊಂದು ಭಜಿ ನನ್ನ ತಟ್ಟೆಗೆ ಹಾಕಿ ಕೇಳಿದರು: 'ಭಾಳ ಶಾಣ್ಯಾ ಇದ್ದಿ. ಖರೇ. ಈಗ ಹೇಳು, ಯಾವ ಹಾಡು ಚಲೋ ಇತ್ತು?'

ನಾನು ಒಂದು ಹಾಡನ್ನೂ ಕೇಳಿರಲಿಲ್ಲ. ಇಡೀ ಸಂಜೆ ಹಾಳೆ ನೋಡುತ್ತಾ ಕೂತಿದ್ದೆ.

'ಅದಿರ್ಲಿ ಕಾಕು, ಪಕ್ಕದವರು ಪಕ್ಕದವರಿಗೆ ಕೊಡೋದು ತಪ್ಪು ತಾನೆ?' ಎಂದು ಜಾರಿಕೊಳ್ಳಲು ನೋಡಿದೆ.

'ಯಾಕ ತಪ್ಪು? ಬಾಜೂ ಮನಿಯವರ ಹಾಡು ದಿನಾ ಗ್ವಾಡಿ ದಾಟಿ ಬರ್ತದ. ಕೇಳಿ ಕೇಳಿ ರುಚಿ ಹತ್ತತದ.'

ಗೋಡೆ ದಾಟಿ ಬರುವ ಹಾಡಿನ ವಿಷಯದಲ್ಲಿ ಅವರು ಪೂರ್ತಿ ಸರಿಯಿರಲಿಲ್ಲ ಎಂಬುದು ಮೂರು ವರ್ಷಗಳ ನಂತರ ತಿಳಿಯಿತು. ಕಾಕುವಿನ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಒಬ್ಬ ವಯಸ್ಸಾದ ಇಂಗ್ಲಿಷ್ ಹೆಂಗಸು ಒಬ್ಬರೇ ಇದ್ದರು. ಅವರಿಗೆ ಯಾವ ರುಚಿಯೂ ಹತ್ತಿರಲಿಲ್ಲ. ನನಗೆ ಹದಿನಾರಾದ ವರ್ಷ, ಸ್ಪರ್ಧೆಗೆ ಎರಡು ವಾರ ಇರುವಾಗ, ಕಾಕುವಿಗೆ ಕೌನ್ಸಿಲ್‌ನಿಂದ ಪತ್ರ ಬಂತು: ನೆರೆಯವರು ಗದ್ದಲದ ದೂರು ಕೊಟ್ಟಿದ್ದಾರೆ, ಇನ್ನೊಂದು ದೂರು ಬಂದರೆ ಅಧಿಕಾರಿ ಮನೆಗೆ ಬರುತ್ತಾರೆ.

ಕಾಕಾ ಮಿತಭಾಷಿ. ಪತ್ರ ಮಡಚಿಟ್ಟು, 'ಸಾಕು ಬಿಡು. ಈ ವರ್ಷದಿಂದ ಬ್ಯಾಡ' ಎಂದರು.

ಕಾಕು ಸುಮ್ಮನಿದ್ದದ್ದನ್ನು ನಾನು ಆ ಮನೆಯಲ್ಲಿ ಅವತ್ತೇ ಮೊದಲು ನೋಡಿದ್ದು. ಮೋರ್, ನೋ ಮೋರ್ ಅನ್ನುವ ಆ ನೀಲಿ ಟೋಪಿಯ ಹೆಂಗಸು ಹೇಗಿರಬಹುದೆಂದು ಆಗ ಕಂಡಿತು.

ನಾನು ಉರಿದುಬಿದ್ದೆ. ಮೂರು ಪುಟದ ಉತ್ತರ ಸಿದ್ಧಪಡಿಸಿದೆ. ವರ್ಷಕ್ಕೆ ಒಂದೇ ಸಂಜೆ, ಆಕೆಯ ಹುಲ್ಲು ಕತ್ತರಿಸುವ ಯಂತ್ರದ ಸದ್ದು ವರ್ಷಕ್ಕೆ ಇಪ್ಪತ್ತು ಭಾನುವಾರ, ಇತ್ಯಾದಿ. ಕಾಕು ಅದನ್ನು ಪೂರ್ತಿ ಓದಿಸಿ ಕೇಳಿದರು.

'ಗೆಲ್ತೀವೇನು?'

'ಗ್ಯಾರಂಟಿ.'

'ಗೆದ್ದ ಮ್ಯಾಲೆ ಆಕಿ ಬಾಜೂಕೇ ಇರ್ತಾಳಲ್ಲವಾ?'

ಕಾಕು ನನ್ನ ಉತ್ತರವನ್ನು ಬದಿಗಿಡಿಸಿ, ಡಬ್ಬಿಯಲ್ಲಿ ಗಿರ್ಮಿಟ್ಟು ತುಂಬಿಕೊಂಡು, ಪಕ್ಕದ ಮನೆಯ ಗಂಟೆ ಒತ್ತಿದರು. ನಾನು ಹಿಂದೆ ಓಡಿದೆ. ಬಾಗಿಲು ಅರ್ಧ ತೆರೆಯಿತು. ಕಾಕುವಿನ ಇಂಗ್ಲಿಷ್‌ಗೆ ಕ್ರಿಯಾಪದಗಳ ಗೊಡವೆ ಇರಲಿಲ್ಲ. 'ಸ್ಯಾಟರ್ಡೇ. ಸಾಂಗ್ಸ್. ಯು, ಮೈ ಹೌಸ್. ಫ್ರಂಟ್ ಚೇರ್.' ಆಕೆ ಕಾಕುವನ್ನೂ ಡಬ್ಬಿಯನ್ನೂ ನೋಡಿದರು. 'ಬರದಿದ್ದರೂ ಹೇಗೂ ಕೇಳಿಸುತ್ತದೆ' ಎಂದರು ಬಿಗಿದ ಮುಖದಲ್ಲಿ. ನನಗದು ನಿರಾಕರಣೆ ಅನ್ನಿಸಿತು. 'ಬರ್ತಾಳ ತಗೋ' ಎಂದರು ಕಾಕು.

ಬಂದರು. ಮುತ್ತಿನ ಸರ ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಯಾವ ಕ್ಷಣದಲ್ಲೂ ಎದ್ದು ಹೋಗುವವರ ಹಾಗೆ ಮುಂದಿನ ಕುರ್ಚಿಯ ತುದಿಯಲ್ಲಿ ಕೂತರು. ಡಬ್ಬಿಗೆ ಕೈಹಾಕಿ ಚೀಟಿ ಎತ್ತಿದರೆ, ಬ್ರಿಟನ್! ಆಕೆಯ ಮುಖ ಮೊದಲ ಸಲ ಸಡಿಲಾಯಿತು. ಕಾಕು ಕೆಂಪು ರವಿಕೆ ಖಣವೊಂದನ್ನು ಆಕೆಯ ಹೆಗಲಿಗೆ ಪಟ್ಟಿಯ ಹಾಗೆ ಹೊದಿಸಿದರು.

ಆ ವರ್ಷದ ಬ್ರಿಟನ್ನಿನ ಹಾಡು ನೆನಪಿರುವವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಹಾಡುವವರು ಒಂದು ಶ್ರುತಿಯಲ್ಲಿ, ವಾದ್ಯ ಇನ್ನೊಂದರಲ್ಲಿ. ಅಂಕ ಶುರುವಾಯಿತು. ಒಂದೊಂದೇ ದೇಶ ತನ್ನ ಅಂಕ ಓದುತ್ತಾ ಹೋಯಿತು. ನಮ್ಮ ಕ್ಯಾಲೆಂಡರ್ ಹಾಳೆಯಲ್ಲಿ ಬ್ರಿಟನ್ನಿನ ಎದುರು ಸೊನ್ನೆ, ಸೊನ್ನೆ, ಸೊನ್ನೆ. ಬ್ರಿಟನ್ ಆಗಷ್ಟೇ ಸೇರಿದ್ದ ಯುದ್ಧದ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಎಂದು ಯಾರೋ ಅಂದರು. ಶ್ರುತಿಯ ಸಿಟ್ಟು ಎಂದೆ ನಾನು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಕೊನೆಯ ದೇಶವೂ ಓದಿ ಮುಗಿಸಿತು. ಒಟ್ಟು ಸೊನ್ನೆ. ನಾನು ಕಿಸಕ್ಕನೆ ನಕ್ಕೆ.

ಆಕೆ ಖಣವನ್ನು ಹೆಗಲಿನಿಂದ ತೆಗೆದು, ಮಡಚಿ, ಕುರ್ಚಿಯ ಮೇಲಿಟ್ಟು ಎದ್ದರು. ಕಾಕಾ ನನ್ನ ಕಡೆ ನೋಡಿದ ನೋಟದಲ್ಲಿ ಎರಡನೆಯ ದೂರಿನ ಪೂರ್ತಿ ಒಕ್ಕಣೆ ಇತ್ತು.

'ನಿಲ್ಲರಿ, ನಿಲ್ಲರಿ' ಎನ್ನುತ್ತಾ ಕಾಕು ಅಡುಗೆಮನೆಗೆ ಓಡಿದರು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ಎಲೆ ಅಡಿಕೆ. ಬಾಗಿಲಿಗೆ ಅಡ್ಡ ನಿಂತು, 'ಏ ವಕೀಲಬಾಯಿ, ಹೇಳು ಆಕಿಗೆ. ಹೆಣ್ಣುಮಗಳು ನಮ್ಮ ಮನಿಯಿಂದ ಬರೀ ಉಡೀಲೆ ಹೋಗಂಗಿಲ್ಲ. ಇವತ್ತಂತೂ ಹೋಗಂಗಿಲ್ಲ' ಎಂದರು.

ನಾನು ಹೇಳಿದೆ. ನಮ್ಮಲ್ಲಿ ಮನೆಮಗಳು ಹೊರಡುವಾಗ ಸೆರಗಿಗೆ ಅಕ್ಕಿ ಕಾಯಿ ತುಂಬಿ ಕಳಿಸುತ್ತಾರೆ, ಮಡಿಲು ತುಂಬಿಯೇ ಇರಲಿ ಎಂದು. ಹೇಳುತ್ತಿದ್ದಂತೆ ನನ್ನ ದನಿ ಸಣ್ಣದಾಯಿತು. ಆಕೆಗೆ ಸೆರಗಿರಲಿಲ್ಲ. ತಮ್ಮ ಕಾರ್ಡಿಗನ್ನಿನ ಎರಡೂ ಅಂಚು ಹಿಡಿದು ಚಾಚಿದರು. ಕಾಕು ಮೊದಲು ಖಣ ಇಟ್ಟು, ಐದು ಸಲ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದರು. ಅರ್ಧ ಕಾರ್ಪೆಟ್ಟಿಗೆ ಸುರಿಯಿತು.

'ಈಗ ನೀ ಮಾತಾಡು' ಎಂದರು ನನಗೆ. 'ಆಕಿ ದೇಶದ ಪರವಾಗಿ.'

'ನನ್ನ ಚೀಟಿ ಅಲ್ಲವಲ್ಲ ಕಾಕು.'

'ನಕ್ಕಾಕಿ ನೀನೇ ಅಲ್ಲಾ?'

ಅಷ್ಟು ಸೋತ ಪಕ್ಷವನ್ನು ನಾನು ಅದುವರೆಗೆ ವಹಿಸಿರಲಿಲ್ಲ. 'ಯುರೋಪಿನ ದೇಶಗಳು ಯಾವ ವಿಷಯದಲ್ಲೂ ಒಮ್ಮತಕ್ಕೆ ಬಂದ ಉದಾಹರಣೆಯಿಲ್ಲ. ರಾಜಕಾರಣಿಗಳಿಂದ ಆಗಲಿಲ್ಲ. ಇವತ್ತು ಅಷ್ಟೂ ದೇಶಗಳು ಒಂದೇ ಮಾತು ಹೇಳಿವೆ. ಅವನ್ನು ಒಗ್ಗೂಡಿಸಿದ್ದು ನಮ್ಮ ಹಾಡು, ನಮ್ಮದೊಂದೇ.'

'ನಮ್ಮ' ಎಂಬ ಪದ ನಾನು ಯೋಚಿಸಿ ಬಳಸಿದ್ದಲ್ಲ. ಬಾಯಿಗೆ ಬಂತು. ಆಕೆ ಮೊದಲು ಮೂಗಿನಲ್ಲಿ, ಆಮೇಲೆ ಭುಜ ಕುಲುಕಿಸಿ ನಕ್ಕರು. ಕಾರ್ಡಿಗನ್ನಿನ ಅಕ್ಕಿಯೆಲ್ಲ ಅದುರಿ ಉದುರಿತು. ಕಾಕು ಮತ್ತೆ ತುಂಬಿದರು. ಆಕೆ ಅದನ್ನು ಹೊತ್ತು ನಿಂತಲ್ಲೇ ಆ ದರಿದ್ರ ಹಾಡಿನ ಪಲ್ಲವಿ ಹಾಡಿದರು, ಟಿವಿಯವರಿಗಿಂತಲೂ ಹೆಚ್ಚೇ ಶ್ರುತಿ ತಪ್ಪಿ. ಎಲ್ಲರೂ ದನಿಗೂಡಿಸಿದೆವು.

ಸೋಮವಾರ ಆಕೆ ಕಾಕುವಿನ ಮನೆಗೇ ಬಂದು ಅಲ್ಲಿಂದಲೇ ಕೌನ್ಸಿಲ್‌ಗೆ ಫೋನ್ ಮಾಡಿದರು. 'ಗದ್ದಲ ಇದೆ, ನಿಜ. ಆದರೆ ಅದರಲ್ಲಿ ಈಗ ನನ್ನದೂ ಸೇರಿದೆ, ದೂರು ಹಿಂತೆಗೆದುಕೊಳ್ಳುತ್ತೇನೆ' ಎಂದರು. ನಾನು ಆ ಮೂರು ಪುಟ ಹರಿದು ಹಾಕಿದೆ. ಸ್ವಲ್ಪ ಹೊಟ್ಟೆ ಉರಿಯಿತು. ಒಳ್ಳೆಯ ಪುಟಗಳು.

ಕಾಕು ಆಮೇಲೆ ಐದು ಸ್ಪರ್ಧೆ ನೋಡಿದರು. ಆರನೆಯದಕ್ಕೆ ಎರಡು ತಿಂಗಳಿರುವಾಗ ಹೃದಯಾಘಾತವಾಗಿ ಹೋದರು. ನಾನೀಗಲೂ ವಾದ ಮಾಡುತ್ತೇನೆ, ಈಗಲೂ ಬಹುಪಾಲು ವಿಷಯಗಳನ್ನು ನಂಬುವುದಿಲ್ಲ. ಆದರೆ ಗೆದ್ದ ದಿನ ಎದುರಾಳಿ ತನ್ನ ಕಾಗದ ಎತ್ತಿಟ್ಟುಕೊಳ್ಳುವಾಗ ಬಾಗಿಲ ಹತ್ತಿರ ನಿಂತು ಕಾಯುತ್ತೇನೆ, ಚಹಾಕ್ಕೆ ಕರೆಯುತ್ತೇನೆ. ಇದನ್ನು ನನಗೆ ಯಾವ ಡಿಬೇಟ್ ಮೇಷ್ಟರೂ ಕಲಿಸಲಿಲ್ಲ.

ಕಾಕು ಇಲ್ಲದ ಆ ಮೊದಲ ಮೇ ತಿಂಗಳ ಶನಿವಾರ ಜನ ಸೇರಿದ್ದು ಪಕ್ಕದ ಮನೆಯಲ್ಲಿ. ಆ ಇಂಗ್ಲಿಷ್ ಅಜ್ಜಿಯೇ ಎಲ್ಲರನ್ನೂ ಕರೆದಿದ್ದರು. ಕಾಕಾ ಬರುವುದಿಲ್ಲ ಎಂದಿದ್ದರು, ನಾವು ಒತ್ತಾಯಿಸಿರಲಿಲ್ಲ. ಮೂರನೆಯ ಹಾಡಿಗೆ ನನ್ನ ಮೊಬೈಲು ರಿಂಗಾಯಿತು.

'ಏನವಾ, ನಿಮ್ಮ ಗದ್ದಲಕ್ಕ ಇಲ್ಲೆ ಪೇಪರ್ ಓದಾಕ ಆಗವಲ್ದು' ಎಂದರು ಕಾಕಾ.

'ಕೌನ್ಸಿಲ್‌ಗೆ ಬರೀರಿ ಕಾಕಾ' ಎಂದೆ.

'ಬರೀತೀನಿ, ಬರೀತೀನಿ. ಮೊದಲ ಬಾಗಲಾ ತಗೀರಿ. ಆಗಿನಿಂದ ಗಂಟಿ ಒತ್ತಾಕಹತ್ತೇನಿ, ಒಬ್ಬರಿಗೂ ಕೇಳವಲ್ದು.'